ವಾಪಸು ಬರುವ ಪೈಪು

ನಮ್ಮ ಭಾವ ಕಸದ ಲಾರಿ ಡ್ರೈವರ್. ಹಿಂದಿನ ಮೆಟ್ಟಿಲ ಮೇಲೆ ನೇತಾಡುತ್ತಾ ಕಸ ತುಂಬುವವನು ನಾನು. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ, ಕೈಗಾಡಿ ತಿರುಗದ ಗಲ್ಲಿಯಲ್ಲಿ ಲಾರಿ ತಿರುಗಿಸುವ ಮನುಷ್ಯ. ತಿರುಗಿಸಿ ತಿರುಗಿಸಿ ಬಲಭುಜ ಕೆಟ್ಟು ಕೂತಿದೆ. ಬಾಚಣಿಗೆ ಹಿಡಿದ ಕೈ ತಲೆಯವರೆಗೆ ಏರುವುದಿಲ್ಲ. "ಈ ಲಾರಿ ಗುಜರಿಗೆ ಹೋಗ್ಲಿ, ನಿನ್ನನ್ನ ಗೇಟಿಗೆ ಹಾಕ್ತೀನಿ," ಎಂದು ಡಿಪೋ ಸಾಹೇಬರು ಮಾತು ಕೊಟ್ಟಿದ್ದರು. ಗೇಟಿನಲ್ಲಿ ಕುರ್ಚಿಯಿದೆ, ಫ್ಯಾನಿದೆ, ಸ್ಟೇರಿಂಗಿಲ್ಲ. ಅಂದಿನಿಂದ ಲಾರಿ ಯಾವಾಗ ಸಾಯುತ್ತದೋ ಎಂದು ಕಾಯುವುದೇ ನಮ್ಮ ಕೆಲಸ. ನಮ್ಮ ಶಾಪ ತಿಂದು ಅದು ಇನ್ನೂ ಗಟ್ಟಿಯಾಯಿತು.

ಕೊನೆಗೆ ಪವರ್ ಸ್ಟೇರಿಂಗ್ ಕೈಕೊಟ್ಟಿತು. ನಾಲ್ಕು ಗಲ್ಲಿ ಸುತ್ತುವಷ್ಟರಲ್ಲಿ ಅದರ ಎಣ್ಣೆ ಕಾದು ಕುದಿದು, ಸ್ಟೇರಿಂಗ್ ಕಲ್ಲಿನಂತಾಗುತ್ತಿತ್ತು. ನಾನು ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ಸಾಹೇಬರು ಒಂದು ಡಬ್ಬ ತಂದು ಭಾವನ ಮುಂದಿಟ್ಟರು. ಎಣ್ಣೆ ತಣಿಸುವ ಕೂಲರ್, ಪುಟ್ಟ ರೇಡಿಯೇಟರಿನ ಥರದ್ದು.

"ಮೆಕ್ಯಾನಿಕ್ ರಜೆ. ನಿನಗೇ ಗೊತ್ತಲ್ಲ, ಹಾಕಿಬಿಡು."

ಭಾವ ಲಾರಿಯಡಿ ಅಂಗಾತ ಮಲಗಿದರು. ನಾನು ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಪಂಪಿನಿಂದ ಹೊರಡುವ ಪೈಪಿನಲ್ಲಿ ಒತ್ತಡ ಜಾಸ್ತಿ, ಅದನ್ನು ಕೂಲರ್ ತಡೆಯುವುದಿಲ್ಲ. ಎಣ್ಣೆ ವಾಪಸು ಬರುವ ಪೈಪಿಗೇ ಕೂಡಿಸಬೇಕು. ಇಷ್ಟು ನನಗೂ ಗೊತ್ತು.

"ಭಾವ, ಪಂಪಿನ ಪೈಪಿಗೇ ಹಾಕಿಬಿಡಿ," ಎಂದೆ ಮೆಲ್ಲಗೆ. "ಎರಡು ಗಲ್ಲಿ ದಾಟೋದ್ರೊಳಗೆ ಒಡೆಯುತ್ತೆ. ಪೀಡೆ ತೊಲಗುತ್ತೆ."

ಅವರ ಕೈ ನಿಂತಿತು. ಆ ಪೈಪನ್ನು ಮುಟ್ಟಿಯೂ ನೋಡಿದರು.

"ಬಿಸಿ ಎಂಜಿನ್ ಮೇಲೆ ಎಣ್ಣೆ ಸಿಡಿದ್ರೆ ಬೆಂಕಿ ಕಣೋ."

"ನೀವು ಹಾರ್ಕೊಳ್ಳಿ."

"ಸ್ಟೇರಿಂಗ್ ಬಿಟ್ಟು ನಾನು ಹಾರ್ಕೋತೀನಪ್ಪ. ಹಿಂದೆ ನೇತಾಡ್ತಿರೋನು ಯಾರು, ನಮ್ಮಪ್ಪನಾ?"

ಭಾವ ವಾಪಸಿನ ಪೈಪನ್ನೇ ಕತ್ತರಿಸಿದರು, ಎರಡೂ ಕಡೆ ಕ್ಲಾಂಪ್ ಬಿಗಿದರು, ಎಣ್ಣೆ ತುಂಬಿಸಿದರು. ಒಳಗಿನ ಗಾಳಿ ಹೋಗಲೆಂದು ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ಹಲ್ಲು ಕಚ್ಚಿಕೊಂಡು ತಿರುಗಿಸಿದರು. ಒಂದು ಹನಿ ಸೋರಲಿಲ್ಲ. ನನಗೆ ಅಳು ಬಂತು.

ಸಾಹೇಬರು ಬಂದು ಒಂದೇ ಬೆರಳಲ್ಲಿ ಸ್ಟೇರಿಂಗ್ ತಿರುಗಿಸಿದರು. "ಭೇಷ್! ಇನ್ನು ಹತ್ತು ವರ್ಷ ಚಿಂತೆಯಿಲ್ಲ. ನೀನಿಲ್ದೆ ಇದನ್ನ ಯಾರಯ್ಯಾ ಓಡಿಸ್ತಾರೆ?"

"ಹೂಂ ಸಾರ್," ಎಂದರು ಭಾವ.

ಮನೆ ಬಾಗಿಲಲ್ಲೇ ಅಕ್ಕ ಕೇಳಿದಳು, "ಗೇಟಿನ ವಿಷಯ ಎತ್ತಿದ್ರಾ?"

"ಸ್ಟೇರಿಂಗ್ ಈಗ ಹಗುರ ಆಗಿದೆ," ಎಂದು ಭಾವ ಒಳಗೆ ಹೋದರು.

ಅಕ್ಕ ನನ್ನ ಮುಖ ನೋಡಿದಳು. ನಾನೇನು ಹೇಳಲಿ, ನನ್ನನ್ನು ಉಳಿಸಲು ಹೋಗಿ ನಿನ್ನ ಗಂಡ ಅಲ್ಲೇ ಸಿಕ್ಕಿಹಾಕಿಕೊಂಡ ಎಂದೇ?