ಮಾವನವರ ಜಿಪಿಎಸ್ಸು, ನನ್ನ ಸಿಟ್ಟು

ನಮ್ಮ ಮಾವನವರು ಎಲ್ಲಿ ಕೂತರೂ ಎಡಕ್ಕೆ ವಾಲಿ ಕೂರುತ್ತಿದ್ದರು. ಊಟದ ಮೇಜಿನ ಮುಂದೆ, ಸೋಫಾದ ಮೇಲೆ, ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂಡ ಎಡ ಹೆಗಲು ಕೆಳಗೆ, ಬಲ ಹೆಗಲು ಮೇಲೆ. ಎಡಗೈ ತೊಡೆಯ ಪಕ್ಕಕ್ಕೆ ಇಳಿಬಿದ್ದು, ಕಾಣದ ಹಿಡಿಕೆಯೊಂದನ್ನು ಹಿಡಿದಂತೆ ಅರ್ಧ ಮುಚ್ಚಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಬೆನ್ನು ನೋವಿರಬೇಕೆಂದು ನಾನು ದಿಂಬು ತಂದುಕೊಟ್ಟೆ. ಅವರು ದಿಂಬನ್ನು ಬಲಗಡೆ ಇಟ್ಟುಕೊಂಡು ಮತ್ತೆ ಎಡಕ್ಕೇ ವಾಲಿದರು. ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಹಿಡಿಕೆ ಸೀಟಿನ ಎಡಕ್ಕೆ, ಕೆಳಗಿರುತ್ತದಂತೆ. ಅದನ್ನು ಹಿಡಿದೇ ವಯಸ್ಸು ಕಳೆದವರ ಬೆನ್ನು ಹಾಗೇ ನಿಂತುಬಿಡುತ್ತದೆ ಎಂದು ಆಮೇಲೆ ನನ್ನ ಗಂಡ ಹೇಳಿದ.

ಮಾವನವರು ಗದಗಿನ ಕಡೆಯವರು. ಸೈನ್ಯದಲ್ಲಿ ಹಾರಾಟ ಕಲಿತು, ಅದು ಮುಗಿದ ಮೇಲೆ ಕಾಕಿನಾಡದ ಆಚೆ ಸಮುದ್ರದಲ್ಲಿರುವ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಕರೆದೊಯ್ಯುವ ಹೆಲಿಕಾಪ್ಟರ್ ಓಡಿಸುತ್ತಿದ್ದರು. ನಿವೃತ್ತರಾದ ಮೇಲೆ, ಅತ್ತೆಯವರೂ ತೀರಿಹೋದ ಮೇಲೆ, ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿರುವ ಮಗನ ಜೊತೆ ಟೌನ್‌ಶಿಪ್ ಕ್ವಾರ್ಟರ್ಸಿನಲ್ಲಿದ್ದರು. ನಾನು ತುಮಕೂರಿನವಳು. ಬ್ಯಾಂಕಿನ ವರ್ಗಾವಣೆಯ ಮೇಲೆ ಆ ಊರಿಗೆ ಬಂದು, ಆ ಮನೆ ಸೇರಿದವಳು. ಆ ಮನೆಯಲ್ಲಿ ಮೂರು ಕನ್ನಡಗಳಿದ್ದವು: ಮಾವನವರದು, ನನ್ನದು, ಮತ್ತು ಎರಡು ಮಾತಿಗೊಮ್ಮೆ ತೆಲುಗಿಗೆ ಜಾರುವ ನನ್ನ ಗಂಡನದು.

ಇವುಗಳ ನಡುವೆ ಮಾತೇ ಆಡದ ಇನ್ನೊಂದು ಪ್ರಾಣಿಯೂ ಇತ್ತು. ಮಾವನವರ ಹಳೆಯ ಜಿಪಿಎಸ್ಸು. ವಿಮಾನದವರು ಕೈಯಲ್ಲಿ ಹಿಡಿದುಕೊಳ್ಳುವಂಥದ್ದು. ಮೋಟು ಆಂಟೆನಾ, ರಬ್ಬರಿನ ಗುಂಡಿಗಳು, ಬೂದು ಬಣ್ಣದ ಪರದೆ. ನೋಡಿದವರು ಅದನ್ನು ಪೊಲೀಸರ ವಾಕಿಟಾಕಿ ಎಂದೇ ತಿಳಿಯುತ್ತಿದ್ದರು. ಸಮುದ್ರದ ಮೇಲೆ ಮರವಿಲ್ಲ, ಗುಡಿಯಿಲ್ಲ, ರಸ್ತೆಯಿಲ್ಲ, ಅಲ್ಲಿಂದ ನನ್ನನ್ನು ಕರೆತಂದದ್ದು ಇದೇ ಎನ್ನುತ್ತಿದ್ದರು ಮಾವನವರು. ಅದನ್ನು ನಾನು ಅಲ್ಲಗಳೆಯುತ್ತಿರಲಿಲ್ಲ. ನನ್ನ ತಕರಾರು ನೆಲದ ಮೇಲಿನದು. ತರಕಾರಿಗೆ ಹೋದರೂ ಅದು ಜೊತೆಗಿರಬೇಕು. ಮೊಬೈಲು ಮಾತ್ರ ದೇವರ ಮನೆಯ ಮಾಡದಲ್ಲಿ ಚಾರ್ಜಿಗೆ ಕೂತಿರುತ್ತಿತ್ತು.

ನನಗೆ ವಿಜಯವಾಡಕ್ಕೆ ವರ್ಗವಾದಾಗ ಅಲ್ಲಿ ಬಾಡಿಗೆ ಮನೆ ಹೊಂದಿಸಿಕೊಡಲು ಮಾವನವರೇ ಕಾರು ಓಡಿಸಿಕೊಂಡು ಬಂದರು. ಎರಡನೆಯ ದಿನ, ಮಂಗಳಗಿರಿಗೆ ಹೋಗಿ ಸೀರೆ ತರೋಣ ಎಂದೆ. ಫೋನಿನಲ್ಲಿ ದಾರಿ ಹಾಕುತ್ತೇನೆಂದರೆ ಬೇಡವೆಂದರು. ಅವರ ಜಿಪಿಎಸ್ಸಿಗೆ ರಸ್ತೆ ಎಂಬುದೇ ಗೊತ್ತಿರಲಿಲ್ಲ. ಸೇರಬೇಕಾದ ಜಾಗದ ಕಡೆ ನೇರ ಬಾಣ, ಎಷ್ಟು ದೂರ ಎಂಬ ಅಂಕಿ, ಅಷ್ಟೇ. ಆ ಬಾಣದ ಮಾತು ಕೇಳಿ ಗಲ್ಲಿಯಿಂದ ಗಲ್ಲಿಗೆ ಕಾರು ನುಗ್ಗಿಸಿ ಕೊನೆಗೆ ಕೃಷ್ಣಾ ನದಿಯ ದಂಡೆಗೆ ತಂದು ನಿಲ್ಲಿಸಿದರು. ಹಿಂದೆ ಇಂದ್ರಕೀಲಾದ್ರಿ ಬೆಟ್ಟ, ಮುಂದೆ ಬರೀ ನೀರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು. ದಾರಿ ತಪ್ಪಿದ್ದೇವೆ ಮಾವ, ಎಂದೆ. ಅವರು ಪರದೆಯನ್ನು ನನ್ನ ಮುಖದ ಹತ್ತಿರ ಹಿಡಿದರು.

"ತಪ್ಪಿಲ್ಲವಾ. ಮಂಗಳಗಿರಿ ಎದುರಿಗೇ ಐತಿ. ನಡುವ ನೀರೈತಿ, ಅಷ್ಟ."

ಆ ದಿನ ನಾವು ಸೀರೆಯಂಗಡಿ ಸೇರುವಷ್ಟರಲ್ಲಿ ಅಂಗಡಿಯವರು ಊಟಕ್ಕೆ ಹೋಗಿದ್ದರು.

ಆ ಜಿಪಿಎಸ್ಸಿನ ಕಾಯಿಲೆಗಳೋ, ದಿನಕ್ಕೊಂದು. ಪರದೆಯ ಮೇಲೆ ಉದ್ದುದ್ದ ಗೆರೆಗಳು ಮಾಯವಾಗಿ ಮೂರೂ ಎಂಟೂ ಒಂದೇ ಥರ ಕಾಣುತ್ತಿದ್ದವು. ರಬ್ಬರು ಕರಗಿ ಗುಂಡಿಗಳು ಅಂಟಂಟಾಗಿದ್ದವು. ತಾರೀಕಂತೂ ಒಂದು ದಿನ ಇದ್ದಕ್ಕಿದ್ದಂತೆ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಕೂತಿತು. ಹಳೆಯ ಜಿಪಿಎಸ್ಸುಗಳ ವಾರದ ಲೆಕ್ಕ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರುವಾದರೆ ಹೀಗಾಗುತ್ತದಂತೆ. ಇದನ್ನಾದರೂ ಒಪ್ಪಿಕೊಳ್ಳಿ ಎಂದು ನಾನು ತೋರಿಸಿದರೆ ಮಾವನವರಿಗೆ ಖುಷಿಯೋ ಖುಷಿ. "ಇದರ ಲೆಕ್ಕದಾಗ ನಾ ಇನ್ನೂ ನೌಕರಿಗೆ ಹೊಂಟೀನಿ," ಎಂದರು.

ತಯಾರಿಸಿದ ಕಂಪನಿಗೆ ಬರೆದೆ. ಆ ಮಾದರಿಯ ರಿಪೇರಿ ನಿಲ್ಲಿಸಿದ್ದೇವೆ, ಹೊಸದನ್ನು ಕೊಳ್ಳಿ ಎಂದು ಉತ್ತರ ಬಂತು. ಮಾವನವರು ಅದನ್ನು ಓದಿ, ಇವರಿಗೆ ರಿಪೇರಿ ಬರೋದಿಲ್ಲ, ಬೇರೆಯವರನ್ನು ನೋಡು ಎಂದರು. ಹಾಗಾಗಿ ಅದು, ವಾರದ ಕೊನೆಗೆ ವಿಶಾಖಪಟ್ಟಣಕ್ಕೆ ಬಂದು ಹೋಗುತ್ತಿದ್ದ ನನ್ನ ಚೀಲ ಸೇರಿ ವಾರವಾರ ರೈಲಿನಲ್ಲಿ ಓಡಾಡತೊಡಗಿತು. ವಿಜಯವಾಡದ ಮೊಬೈಲ್ ಅಂಗಡಿಗಳವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. ಟಿವಿ ರಿಪೇರಿಯವನೊಬ್ಬ ಒಂದು ವಾರ ಇಟ್ಟುಕೊಂಡು ಇನ್ನೊಂದು ಗೆರೆ ಕಳೆದುಕೊಟ್ಟ. ರೈಲು ನಿಲ್ದಾಣದಲ್ಲಿ ಪೊಲೀಸರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಇದೇನು, ಯಾರದು, ಯಾಕೆ ಎಂದು ವಿಚಾರಿಸಿದರು. ಬ್ಯಾಂಕಿನ ಗುರುತಿನ ಚೀಟಿ ತೋರಿಸಿ, ನಮ್ಮ ಮಾವನವರದು ಎಂದು ತೆಲುಗಿನಲ್ಲಿ ವಿವರಿಸುತ್ತ ಮಾವನವರನ್ನು ಮನಸ್ಸಿನಲ್ಲೇ ಬೈದುಕೊಂಡೆ.

ನನ್ನ ಗಂಡ ಅಷ್ಟರಲ್ಲಿ ಹೊಸದೊಂದನ್ನು ತಂದ. ಬೆರಳು ತಾಗಿಸಿದರೆ ಸಾಕು, ಬಣ್ಣಬಣ್ಣದ ನಕ್ಷೆ. "ಅಪ್ಪಾ, ಹಳೇದು ವದಿಲೇಯ್ರಿ, ಬಿಟ್ಟುಬಿಡ್ರಿ, ಇದು ಕೊತ್ತದಿ," ಎಂದು ಅವರ ಕೈಯಲ್ಲಿಟ್ಟ. ಮಾವನವರು ಛಲೋ ಐತಿ, ಛಲೋ ಐತಿ ಎಂದು ಹೊಗಳಿ, ಮರುದಿನ ಅದನ್ನು ಪೆಟ್ಟಿಗೆಗೆ ಹಾಕಿ ಫ್ರಿಜ್ಜಿನ ಮೇಲಿಟ್ಟರು. ಯಾಕೆ ಮಾವ ಎಂದರೆ ಕಣ್ಣಿಗೆ ಚುಚ್ಚುತ್ತದೆ ಎಂದರು. ಇನ್ನೊಂದು ದಿನ ಕೇಳಿದರೆ ಬೆರಳು ಒಣಗಿವೆ, ನಾಟುವುದಿಲ್ಲ ಎಂದರು. ಈ ಮನುಷ್ಯನಿಗೆ ಹಟ ಎಂದು ನಾನು ತೀರ್ಮಾನಿಸಿದೆ.

ಕೊನೆಗೆ ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ, ದೋಣಿಗಳ ಜಿಪಿಎಸ್ಸು, ಮೀನು ಹುಡುಕುವ ಯಂತ್ರ ಇವನ್ನೆಲ್ಲ ರಿಪೇರಿ ಮಾಡುವ ಅಂಗಡಿಯೊಂದು ಸಿಕ್ಕಿತು. ಬಲೆ, ಡೀಸೆಲ್, ಒಣಮೀನಿನ ವಾಸನೆಯ ನಡುವೆ ಮೂಗು ಮುಚ್ಚಿಕೊಂಡು ಹೋಗಿ ಹಳೆಯ ಜಿಪಿಎಸ್ಸನ್ನು ಕೊಟ್ಟು ಬಂದೆ. ಅಲ್ಲಿ ಅಂಥ ಡಬ್ಬಿಗಳ ರಾಶಿಯೇ ಬಿದ್ದಿತ್ತು. ಕಳೆದುಹೋದರೆ ಮತ್ತೆ ನನ್ನ ತಲೆಗೇ ಬರುತ್ತದೆಂದು ಅದರ ಬೆನ್ನಿಗೆ ನನ್ನ ಫೋನ್ ನಂಬರು ಬರೆದ ಚೀಟಿ ಅಂಟಿಸಿದ್ದೆ. ಅಂಗಡಿಯವನು ಪರದೆಯ ಪಟ್ಟಿ ಬದಲಿಸಿ, ಗುಂಡಿಗಳನ್ನು ತೊಳೆದು, ಒಳಗಿನ ಸಣ್ಣ ಬ್ಯಾಟರಿಯನ್ನೂ ಹೊಸದು ಹಾಕಿಕೊಟ್ಟ. ಗೆರೆಗಳೆಲ್ಲ ವಾಪಸು ಬಂದಿದ್ದವು. ಹಿಂದೆ ತುಂಬಿಸಿಟ್ಟಿದ್ದ ಜಾಗಗಳೆಲ್ಲ ಮಾತ್ರ ಅಳಿಸಿಹೋದವು, ಅದಕ್ಕೆ ನಾನೇನೂ ಮಾಡುವಂತಿಲ್ಲ ಎಂದ. ಎಣ್ಣೆ ಬಾವಿಗಳ ಗುರುತು ಈಗ ಯಾರಿಗೆ ಬೇಕು ಎಂದುಕೊಂಡು ನಾನು ಸಂತೋಷದಿಂದಲೇ ಮನೆಗೆ ಬಂದೆ.

ಮಾವನವರು ಅದನ್ನು ಹೊತ್ತಿಸಿ, ಎರಡು ಮೂರು ಗುಂಡಿ ಒತ್ತಿ ನೋಡಿದರು. ಮತ್ತೆ ಒತ್ತಿದರು. ಎಲ್ಲ ಹೋಗೈತಿ ಎಂದು ಮೆಲ್ಲಗೆ ಹೇಳಿ ಅದನ್ನು ಜೇಬಿಗೆ ಹಾಕಿಕೊಂಡರು. ಇಷ್ಟೆಲ್ಲ ಅಲೆದು ಸರಿಮಾಡಿಸಿ ತಂದರೆ ಒಂದು ಒಳ್ಳೆಯ ಮಾತಿಲ್ಲವಲ್ಲ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿಯೇ ಜೋಡಿಸಿದೆ.

ಮುಂದಿನ ವಾರ ನಾನು ರಜೆಯ ಮೇಲೆ ಮನೆಯಲ್ಲಿದ್ದೆ. ಗಂಡ ಕೆಲಸಕ್ಕೆ ಹೋಗಿದ್ದ. ಬೆಳಿಗ್ಗೆ ವಾಕಿಂಗ್ ಹೋದ ಮಾವನವರು ತಿಂಡಿಯ ಹೊತ್ತಿಗೆ ಬರಲಿಲ್ಲ. ದೋಸೆ ಹಿಟ್ಟು ಕಾಯುತ್ತಿತ್ತು. ಟೌನ್‌ಶಿಪ್ಪಿನ ಪಾರ್ಕು, ಗ್ರಂಥಾಲಯ, ಆಂಜನೇಯನ ಗುಡಿ ಎಲ್ಲ ಕಡೆ ಹುಡುಕಿ ಬಂದೆ. ಮೊಬೈಲು ದೇವರ ಮುಂದೆ ನಿಶ್ಚಿಂತೆಯಿಂದ ಕೂತಿತ್ತು. ಸಿಟ್ಟು ಹೆದರಿಕೆಯಾಗುತ್ತಿದ್ದ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಅಚ್ಯುತಾಪುರಂನ ಕಾರ್ಖಾನೆಯೊಂದರ ಗೇಟಿನ ಕಾವಲುಗಾರ. ಪೆದ್ದಾಯನ, ವಯಸ್ಸಾದವರೊಬ್ಬರು, ಇಲ್ಲಿದ್ದಾರೆ, ಅವರ ಕೈಯಲ್ಲಿರುವ ಯಂತ್ರದ ಬೆನ್ನಿಗೆ ಈ ನಂಬರಿತ್ತು ಎಂದ. ಏನಾಯಿತು ಎಂದು ಕೇಳಿದೆ.

"ಏಮೀ ಕಾಲೇದಮ್ಮಾ. ದಾರಿ ತಪ್ಪಿಪೋಯಾನು ಅನಿ ಆಯನೇ ವಚ್ಚಿ ಚೆಪ್ಪಾರು."

ಏನೂ ಆಗಿಲ್ಲ, ದಾರಿ ತಪ್ಪಿದ್ದೇನೆ ಎಂದು ಅವರೇ ಬಂದು ಹೇಳಿದರಂತೆ. ಕೃಷ್ಣೆಯ ದಂಡೆಯ ಮೇಲೆ ನಿಂತೂ ಒಪ್ಪದಿದ್ದ ಮನುಷ್ಯ. ಕಾರು ತೆಗೆದುಕೊಂಡು ಹೊರಟೆ.

ಗೇಟಿನ ಪಕ್ಕದ ಚಹಾ ಅಂಗಡಿಯಲ್ಲಿ, ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳ ನಡುವೆ ಮಾವನವರು ಕೂತಿದ್ದರು. ಯಾರೋ ಬನ್ನು ಕೊಡಿಸಿದ್ದರು. ನನ್ನನ್ನು ಕಂಡು ಎದ್ದು ನಿಂತರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ನನ್ನ ಬಾಯಲ್ಲೇ ಉಳಿಯಿತು. ಕಾರು ಹತ್ತಿ ಸ್ವಲ್ಪ ದೂರ ಬಂದ ಮೇಲೆ ಅವರೇ ಶುರುಮಾಡಿದರು.

"ಒಂದು ವರ್ಷ ಆತವಾ, ಹಿಂಗ ಆಗಾಕತ್ತಿ. ಮನಿ ಬಿಟ್ಟು ಹೋದ್ರ ತಿರುಗಿ ಬರೂ ದಾರಿ ಹೊಳಿಯೂದಿಲ್ಲ. ಇದನ್ನ ಒತ್ತಿದ್ರ ಬಾಣ ಮನಿ ಕಡೆ ತೋರಸ್ತಿತ್ತು. ಅದರ ಹಿಂದ ಬರ್ತಿದ್ದೆ. ಅದು ರಿಪೇರಿಗೆ ಹೋದಾಗ ಗೇಟು ದಾಟ್ತಿರಲಿಲ್ಲ. ಈಗ ಇದರಾಗ ಮನೀನಽ ಇಲ್ಲ. ಬಸ್ಸು ಕಂಡ್ತು, ಟೌನ್‌ಶಿಪ್ಪಿಗೆ ಹೊಂಟೈತಿ ಅನ್ಕೊಂಡು ಹತ್ತಿದೆ."

ಹೊಸದರಲ್ಲೂ ಮನೆ ಹಾಕಿಕೊಡುತ್ತಿದ್ದೆವಲ್ಲ ಮಾವ, ಎಂದೆ.

"ನೀವಿಬ್ಬರೂ ಇಲ್ಲದಾಗ ಅದನ್ನ ತಗದು ಕುಂತಿದ್ದೆ. ಒಂದು ಕಲಿತು ಇನ್ನೊಂದಕ್ಕ ಹೋಗೂದ್ರಾಗ ಮೊದಲಿಂದು ಹೋಗಿರ್ತಿತ್ತು. ಹಳೇದು ನನ್ನ ಕೈಗೆ ಗೊತ್ತಿತ್ತು. ತಲಿಗೆ ಕೆಲಸ ಇರಲಿಲ್ಲ."

ಯಾಕೆ ನಮಗೆ ಹೇಳಲಿಲ್ಲ ಎಂದು ಕೇಳುವಾಗ ನನ್ನ ದನಿ ಏರಿಯೇ ಇತ್ತು. ಅವರು ಜಿಪಿಎಸ್ಸನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು.

"ದಾರಿ ತಪ್ಪಿದ ಪೈಲಟ್ಟು ಮೊದಲ ಏನ್ ಮಾಡ್ತಾನ ಗೊತ್ತೇನು? ತಪ್ಪಿಲ್ಲ, ತಪ್ಪಿಲ್ಲ ಅಂತ ಎಣ್ಣಿ ಸುಡತಾನ. ನಾ ಹುಡುಗರಿಗೆ ಕಲಸೂವಾಗ ಅಂತಿದ್ದೆ, ಎಣ್ಣಿ ಇರೂತನಕ ರೇಡಿಯೋದಾಗ ಹೇಳಿಬಿಡ್ರಿ, ನಾಚಿಕಿ ಕೆಳಗ ಇಳದ ಮ್ಯಾಲೆ ಪಡ್ರಿ ಅಂತ. ಈಗ ನೋಡು, ನಾನಽ ಒಂದು ವರ್ಷದ ಎಣ್ಣಿ ಸುಟ್ಟೆ."

ಅವತ್ತು ಸಂಜೆ ಮಗ ಬಂದೊಡನೆ ಬಾಗಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದರು. ನನ್ನ ಗಂಡನಿಗೆ ಕೆಟ್ಟ ಸುದ್ದಿ ಎಂದರೆ ತೆಲುಗೇ ಬರುವುದು. ಏಮೀ ಲೇದು, ಏನೂ ಇಲ್ಲ, ವಯಸ್ಸಾದವರಿಗೆ ಇದೆಲ್ಲ ಮಾಮೂಲು ಎಂದು ತಳ್ಳಿಹಾಕಲು ನೋಡಿದ. ಮಾವನವರು ಜೇಬಿನಿಂದ ತಮ್ಮ ಪಾಲಿನ ಕಾರಿನ ಚಾವಿ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಐತಿ. ಡಾಕ್ಟರ ಹತ್ರ ಹೋಗೂಣು," ಎಂದರು. ಆಮೇಲೆ ಮೂವರೂ ಅಂಗಳಕ್ಕೆ ಹೋಗಿ, ಹಳೆಯ ಜಿಪಿಎಸ್ಸು ಆಕಾಶದ ಉಪಗ್ರಹಗಳನ್ನು ಹಿಡಿಯುವ ತನಕ ಕಾದು, ಮನೆಯನ್ನು ಮತ್ತೆ ಅದರೊಳಗೆ ಸೇರಿಸಿದೆವು. ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಮಾವನವರು, ಇದು ನನಗೆ ಹಳೇ ಸುದ್ದಿ ಎಂಬಂತೆ ತಲೆದೂಗಿದರು.

ಅದಾದ ಮೇಲೆ ನನ್ನ ಸಿಟ್ಟು ಕರಗಿ ನಾನು ಸಾಧ್ವಿಯಾದೆ ಎಂದು ಯಾರೂ ತಿಳಿಯಬಾರದು. ಅಂಗಳಕ್ಕೆ ಹೋಗಿ ಬರಲೂ ಮಾವನವರು ಜಿಪಿಎಸ್ಸನ್ನು ಹೊತ್ತಿಸಿಕೊಂಡು ಹೋಗುವರು. ಗೋಡೆ ಗಡಿಯಾರದ, ರಿಮೋಟಿನ, ನನ್ನ ಟಾರ್ಚಿನ ಸೆಲ್ಲುಗಳೆಲ್ಲ ಅದರ ಹೊಟ್ಟೆ ಸೇರುವವು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ, "ನನಗ ನೆನಪು ಹೋಗೈತ್ರಿ. ನೀವು ಯಾರಂತ ಹೇಳಿ ಕೂಡ್ರಿ," ಎನ್ನುವರು. ನನಗೆ ಮೊದಮೊದಲು ಮುಜುಗರವಾಗುತ್ತಿತ್ತು. ಆದರೆ ಬಂದವರು ಒಂದು ಗಳಿಗೆ ತಬ್ಬಿಬ್ಬಾಗಿ, ತಮ್ಮ ಹೆಸರು, ಊರು, ಸಂಬಂಧ ಎಲ್ಲ ಹೇಳಿ, ಹಗುರಾಗಿ ಕೂತು ಮಾತಾಡುತ್ತಿದ್ದರು. ತಾಳೆಯಾಗದ ಲೆಕ್ಕವನ್ನು ಸಂಜೆಯವರೆಗೆ ಒಬ್ಬಳೇ ಗುದ್ದಾಡುತ್ತಿದ್ದ ನಾನು, ಬ್ಯಾಂಕಿನಲ್ಲಿ ಮಧ್ಯಾಹ್ನವೇ ಎದ್ದು ನಿಂತು ನನಗಿದು ತಿಳಿಯುತ್ತಿಲ್ಲ, ಯಾರಾದರೂ ಬನ್ನಿ ಎನ್ನುವುದನ್ನು ಕಲಿತದ್ದು ಅವರಿಂದಲೇ.

ಕೊನೆಯ ಬಾರಿ ನಾನು ವಿಜಯವಾಡದಿಂದ ಬಂದಾಗ ಅವರು ಅಂಗಳದಲ್ಲಿ, ಸುಡು ಬಿಸಿಲಿನಲ್ಲಿ, ಟೊಪ್ಪಿಗೆಯಿಲ್ಲದೆ ಕೂತಿದ್ದರು. ನಾನು ಚೀಲ ಇಳಿಸುವ ಮೊದಲೇ ಶುರುಮಾಡಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು.

"ನೀವು ಯಾರಂತ ತಿಳೀಲಿಲ್ಲರಿ. ನನಗ ಬೈಯಾಕಿ ಒಬ್ಬಾಕಿ ಇದ್ಲು, ಆಕೀನಽ ಏನು?"

ಹೌದು ಮಾವ, ಎಂದೆ.

"ಹಂಗಾರ ಒಳಗ ಬಾರವಾ. ನಮ್ಮನ್ಯಾಕಿನಽ ನೀ."

ಒಳಗೆ ಹೋಗಿ, ನೀರು ಕುಡಿಸಿ, ಬಿಸಿಲಿಗೆ ಕೂತಿದ್ದಕ್ಕೆ, ಮಾತ್ರೆ ಉಳಿಸಿದ್ದಕ್ಕೆ, ನನ್ನ ಟಾರ್ಚಿನ ಸೆಲ್ಲಿಗೆ ಎಲ್ಲಕ್ಕೂ ಬೈದೆ. ಅವರು ಮಗುವಿನ ಹಾಗೆ ಸಮಾಧಾನದಿಂದ ಕೇಳಿಸಿಕೊಂಡರು. ನಾನು ಸೋಮವಾರ ಕೆಲಸಕ್ಕೆ ಮರಳಿದೆ. ಆ ವಾರವೇ ಒಂದು ಬೆಳಿಗ್ಗೆ, ಮಗ ಕಾಫಿ ತರುವಷ್ಟರಲ್ಲಿ, ಮಂಚದ ಮೇಲೆ ಹೋಗಿಬಿಟ್ಟಿದ್ದರು. ಮನೆಗೆ ಬಂದವರಿಗೆಲ್ಲ ಎಲ್ಲವನ್ನೂ ಮೊದಲೇ ಹೇಳಿಬಿಡುತ್ತಿದ್ದ ಮನುಷ್ಯ ಅದೊಂದನ್ನು ಯಾರಿಗೂ ಹೇಳದೆ ಹೋದರು. ಅದಕ್ಕಾಗಿ ನಾನು ಅವರನ್ನು ಇನ್ನೂ ಬೈಯುತ್ತಲೇ ಇದ್ದೇನೆ.