ಜಡೆಗೆ ಸಮುದ್ರದ ಪಾಚಿ

ತಲೆಯ ಮೇಲಿರುವ ಕೂದಲಿಗಿಂತ ಬಾತ್‌ರೂಮಿನ ಜಾಲರಿಯಲ್ಲಿ ಸಿಗುವ ಕೂದಲಿನ ಮೇಲೆಯೇ ನನಗೆ ಈಚೆಗೆ ಹೆಚ್ಚು ಗಮನ. ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಮನೆಯಲ್ಲಿ ಯಾರು ಸ್ನಾನ ಮುಗಿಸಿ ಬಂದರೂ ನಾನೊಮ್ಮೆ ಹೋಗಿ ಇಣುಕುತ್ತೇನೆ, ಸಿಕ್ಕಿದ್ದನ್ನು ಎಣಿಸುತ್ತೇನೆ. ಯಜಮಾನರ ಸ್ನಾನದ ಮೇಲೆ ಅಲ್ಲಿ ಏನೂ ಇರುವುದಿಲ್ಲ. ಅವರ ತಲೆ ಬಹಳ ಹಿಂದೆಯೇ ಅಂಗಡಿ ಮುಚ್ಚಿದೆ. ಇರುವುದೆಲ್ಲ ನನ್ನದೇ. ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ನನ್ನ ಜಡೆ ಸೈಕಲ್ಲಿನ ಕ್ಯಾರಿಯರ್‌ಗೆ ತಾಗುತ್ತಿತ್ತು. ವರ್ಷ ಕಳೆದಂತೆಲ್ಲ ಆ ಜಡೆ ಇನ್ನಷ್ಟು ಉದ್ದವಾಗುತ್ತಿದೆ ಎಂದು ಮಗಳು ನಗುತ್ತಾಳೆ. ನಗಲಿ, ನೋಡಿದವಳು ನಾನು ತಾನೆ?

ಮೊದಲು ಲಂಡನ್ನಿನ ನೀರನ್ನು ಬೈದೆ. ಕೆಟಲ್ಲಿನ ತಳಕ್ಕೆಲ್ಲ ಸುಣ್ಣ ಬಳಿಯುವ ನೀರು ತಲೆಯನ್ನು ಸುಮ್ಮನೆ ಬಿಟ್ಟೀತೇ? ಬೈದು ಸಾಕಾಗಿ ಕೂತಿದ್ದಾಗ ಈಸ್ಟ್ ಹ್ಯಾಮಿನಲ್ಲಿರುವ ಗೆಳತಿ ಫ್ಲೇವಿಯಾ ಒಂದು ಬಾಟಲಿ ತಂದುಕೊಟ್ಟಳು. ಅವಳು ಉಡುಪಿ ಕಡೆಯವಳು, ಸಮುದ್ರದಿಂದ ಬಂದದ್ದು ಕೆಡುಕು ಮಾಡುವುದಿಲ್ಲ ಎಂದು ನಂಬಿದವಳು. "ಎಂತ ಇಲ್ಲ ಮಾರಾಯ್ತಿ, ಸಮುದ್ರದ ಪಾಚಿ. ಕೆಲ್ಪ್ ಅಂತ ಹೇಳ್ತಾರೆ. ದಿನಕ್ಕೊಂದು ನುಂಗು, ಕೂದಲು ಹೇಗೆ ಬರ್ತದೆ ನೋಡು," ಎಂದಳು.

ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಕೂದಲು ಬರುತ್ತದೆಯೋ ಇಲ್ಲವೋ ಎಂಬುದಲ್ಲ. "ಮೀನು ಅದರ ಮ್ಯಾಲೇ ಓಡ್ಯಾಡಿರ್ತಾವಲ್ಲ, ನಮಗದು ನಡೀತದನು?" ಎಂದು ಯಜಮಾನರು ಕೇಳಿದರು. ಪಾಚಿಯೇನೋ ನಡೆಯುತ್ತದೆಂದು ತೀರ್ಮಾನವಾಯಿತು. ಆದರೆ ಮೇಲಿನ ಕ್ಯಾಪ್ಸೂಲು? ಅದರಲ್ಲಿ ಪ್ರಾಣಿಗಳ ಎಲುಬಿನಿಂದ ಮಾಡುವ ಜೆಲಟಿನ್ ಇದ್ದರೆ? ಇಬ್ಬರೂ ಕನ್ನಡಕ ಹಾಕಿಕೊಂಡು ಬಾಟಲಿಯನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದೆವು. ಸಸ್ಯಾಹಾರದ ಹಸಿರು ಗುರುತು ಕಂಡ ಕೂಡಲೇ ಅಬ್ಬಾ ಎಂದು ಬಾಟಲಿ ಕೆಳಗಿಟ್ಟೆವು, ಓದೂ ಅಲ್ಲಿಗೇ ಮುಗಿಯಿತು. ಈ ದೇಶಕ್ಕೆ ಬಂದಂದಿನಿಂದ ನಮ್ಮಂಥವರು ಲೇಬಲ್ ಓದುವುದೇ ಹೀಗೆ. ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ ಎಂದಾದರೆ ಮುಗಿಯಿತು, ಒಳಗೆ ವಿಷವಿದ್ದರೂ ಅದು ಶುದ್ಧ.

ಕೆಲವು ತಿಂಗಳು ನುಂಗಿದೆ. ಕೂದಲು ಉದುರುವುದು ಕಡಿಮೆಯಾದಂತೆ ಕಂಡಿತು. ಕಾಣಬೇಕೆಂದು ಹಟ ಹಿಡಿದವರಿಗೆ ಏನು ತಾನೆ ಕಾಣುವುದಿಲ್ಲ! ಅಷ್ಟರಲ್ಲಿ ಮಗಳು ಸ್ಫೂರ್ತಿಗೆ ಹೆರಿಗೆಯಾಯಿತು. ಸ್ಟ್ರಾಟ್‌ಫರ್ಡ್‌ನ ಫ್ಲ್ಯಾಟ್ ಬಿಟ್ಟು, ಕೂಸಿನೊಂದಿಗೆ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ನಾನು ಸೊಂಟ ಕಟ್ಟಿ ನಿಂತೆ. ಅಂಟಿನುಂಡಿ ಕಟ್ಟಿದೆ, ಸಬ್ಬಸಿಗೆ ಪಲ್ಯ ಮಾಡಿದೆ. ಬದನೆಕಾಯಿ ಮನೆಯೊಳಗೆ ಬರದಂತೆ, ಫ್ರಿಜ್ಜಿನ ನೀರು ಅವಳ ಕೈಗೆ ಸಿಗದಂತೆ ಕಾವಲು ಕಾದೆ. ತಾಯಿ ತಿಂದದ್ದೆಲ್ಲ ಹಾಲಾಗಿ ಕೂಸಿಗೆ ಹೋಗುತ್ತದಲ್ಲ! ಕಾಲಿಫ್ಲವರಿನ ಒಂದು ತುಣುಕಿಗಾಗಿ ನಮ್ಮಿಬ್ಬರಿಗೆ ಜಗಳವೇ ಆಗಿಹೋಯಿತು.

ಕೂಸಿಗೆ ಮೂರು ತಿಂಗಳು ತುಂಬಿದಾಗ ಮಗಳ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. "ಅಮ್ಮಾ, ಲುಕ್ ಅಟ್ ದಿಸ್! ಪೂರ್ತಿ ಬೋಳಾಗ್ತೀನಿ ನಾನು!" ಎಂದು ಬಾಚಣಿಗೆ ಹಿಡಿದು ಅತ್ತಳು. ಮರುದಿನದಿಂದ ಅಂಟಿನುಂಡಿಯ ಪಕ್ಕದಲ್ಲಿ ಒಂದು ಕೆಲ್ಪ್ ಕ್ಯಾಪ್ಸೂಲನ್ನೂ ಇಡತೊಡಗಿದೆ.

ಒಂದೆರಡು ವಾರ ಕಳೆದಿರಬೇಕು. ಕೂಸಿನ ತೂಕ ನೋಡಿಸಲು ಕ್ಲಿನಿಕ್ಕಿಗೆ ಹೋದಾಗ ಅಲ್ಲಿನ ಹೆಲ್ತ್ ವಿಸಿಟರ್, ಅಂದರೆ ತಾಯಿ-ಕೂಸುಗಳನ್ನು ನೋಡಿಕೊಳ್ಳುವ ನರ್ಸು, ತಾಯಿಯ ಊಟ ಹೇಗಿದೆ ಎಂದು ಕೇಳಿದಳು. ಕೇಳಿದ್ದೇ ತಡ, ನನ್ನ ಬಾಯಿಗೆ ಬೀಗವಿಲ್ಲದಂತಾಯಿತು. ಬದನೆಕಾಯಿಯ ದೋಷಗಳನ್ನೆಲ್ಲ ವಿವರಿಸಿದೆ. ಇವಳು ತಿಂದದ್ದು ಹಾಲಿನಲ್ಲಿ ಕೂಸಿಗೆ ಹೋಗುತ್ತದೆ, ಅದಕ್ಕೇ ಇಷ್ಟು ಪಥ್ಯ ಎಂದೆ. ಕೂದಲಿಗೂ ವ್ಯವಸ್ಥೆ ಮಾಡಿದ್ದೇನೆ, ಸಮುದ್ರದ ಪಾಚಿ ಕೊಡುತ್ತಿದ್ದೇನೆ ಎಂದು ಹೆಮ್ಮೆಯಿಂದ ಸೇರಿಸಿದೆ. ಆಕೆ ನನ್ನ ಮುಖ ನೋಡಿ, ಬಹಳ ಮೆತ್ತಗೆ, "ಅದೂ ಹಾಲಿನಲ್ಲೇ ಹೋಗುತ್ತದಲ್ಲವೇ?" ಎಂದಳು.

ಆಮೇಲೆ ಆಕೆಯೇ ಎಲ್ಲವನ್ನೂ ಬಿಡಿಸಿ ಹೇಳಿದಳು.

ಕೆಲ್ಪಿನಲ್ಲಿರುವುದು ಅಯೋಡಿನ್. ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಅದು ಬೇಕೇ ಬೇಕು. ಅದರ ಕೊರತೆಯಿಂದ ಕೂದಲು ಉದುರುತ್ತಿದ್ದವರಿಗೆ ನೆರವಾಗಲೂಬಹುದು. ಆದರೆ ಹೆಚ್ಚಾದರೆ ಅದೇ ಗ್ರಂಥಿ ಹದ ತಪ್ಪುತ್ತದೆ, ಆಗಲೂ ಕೂದಲು ಉದುರುತ್ತದೆ. ಯಾವ ಪಾಚಿಯಲ್ಲಿ ಎಷ್ಟಿರುತ್ತದೆಂದು ಹೇಳುವುದೂ ಕಷ್ಟವಂತೆ. ಮೊಲೆಯುಣ್ಣುವ ಕೂಸಿನ ಎಳೆಯ ಗ್ರಂಥಿಗಂತೂ ಅತಿಯಾದರೆ ಅಪಾಯ. ಮನೆಗೆ ಬಂದು ಬಾಟಲಿ ತಿರುಗಿಸಿದರೆ, ಬಸುರಿಯರೂ ಬಾಣಂತಿಯರೂ ತೆಗೆದುಕೊಳ್ಳಬಾರದೆಂದು ಅಚ್ಚಾಗಿತ್ತು. ಎಲ್ಲಿ ಅಂತೀರಿ? ನಾವು ಅಬ್ಬಾ ಎಂದ ಹಸಿರು ಗುರುತಿನ ಮಗ್ಗುಲಲ್ಲೇ.

ನಮ್ಮ ಜಿಪಿ ಡಾಕ್ಟರು ಕೂಸಿನ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಅಷ್ಟು ಪುಟ್ಟ ಕೈಯಿಂದ ರಕ್ತ ತೆಗೆಯುವಾಗ ಅದು ಕಿರುಚಿದ ದನಿ ಇನ್ನೂ ಕಿವಿಯಲ್ಲಿದೆ. ಫಲಿತಾಂಶ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಮಗಳು ಬಾಟಲಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಕೊನೆಗೆ ಫೋನ್ ಬಂತು: ಕೂಸು ಚೆನ್ನಾಗಿದೆ, ಏನೂ ತೊಂದರೆಯಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಗಳಗಳನೆ ಅತ್ತೆ.

ನನ್ನ ರಕ್ತವನ್ನೂ ಪರೀಕ್ಷಿಸಿದಾಗ ತಿಳಿಯಿತು, ಹದ ತಪ್ಪಿದ್ದು ನನ್ನ ಥೈರಾಯ್ಡ್. ಕೆಲವು ವಾರಗಳಿಂದ ಎದೆ ಡವಡವ ಎನ್ನುತ್ತಿತ್ತು. ಮೊಮ್ಮಗಳನ್ನು ಎತ್ತಿಕೊಂಡ ಸಂಭ್ರಮ ಎಂದುಕೊಂಡಿದ್ದೆ. ಕೆಲ್ಪ್ ನಿಲ್ಲಿಸಿದ ಮೇಲೆ ಎದೆ ತಣ್ಣಗಾಯಿತು. ಸುದ್ದಿ ಕೇಳಿ ಫ್ಲೇವಿಯಾ, "ಅಯ್ಯೋ ದೇವರೇ! ಸಮುದ್ರ ನಮ್ಮದೇ ಆದ್ರೂ ಬಾಟಲಿ ನಮ್ಮದಲ್ಲ ಅಲ್ವಾ ಮಾರಾಯ್ತಿ," ಎಂದು ತನ್ನದನ್ನೂ ಎಸೆದಳು. ಮಗಳ ನೆತ್ತಿಯಲ್ಲಿ ಈಗ ಸಣ್ಣ ಸಣ್ಣ ಕೂದಲು ನಿಮಿರಿ ನಿಂತಿವೆ. ಹೆರಿಗೆಯ ನಂತರ ಉದುರುವುದು, ತಾನಾಗಿಯೇ ಮತ್ತೆ ಬರುವುದು ಸಹಜವಂತೆ. ನನ್ನ ತಲೆಯಲ್ಲಿ ಮಾತ್ರ ಅಂಥ ಪವಾಡವೇನೂ ನಡೆದಿಲ್ಲ.

ಮೊನ್ನೆ ಮಗಳೂ ಕೂಸೂ ಸ್ಟ್ರಾಟ್‌ಫರ್ಡ್‌ಗೆ ಹೊರಟರು. ಕಾರಿನ ಬಳಿ ಮುದ್ದು ಕೊಡಲು ಬಾಗಿದಾಗ ಕೂಸು ನನ್ನ ಅಳಿದುಳಿದ ಜಡೆಗೆ ಕೈ ಹಾಕಿ ಜಗ್ಗಿತು. "ಅಮ್ಮಾ, ಬಿಡಿಸ್ಕೋ, ಇಟ್ ಹರ್ಟ್ಸ್!" ಎಂದಳು ಮಗಳು. "ಇರ್ಲಿ ಬಿಡವಾ, ಜಗ್ಗಲಿ. ಕೈಯಾಗ ಎಷ್ಟು ಶಕ್ತಿ ಬಂದದ ನೋಡು," ಎಂದೆ. ಕಾರು ಹೊರಟಾಗ ಆ ಮುಷ್ಟಿಯಲ್ಲಿ ನನ್ನ ಕೂದಲು ಕೆಲವು ಉಳಿದಿದ್ದವು. ಅವನ್ನು ನಾನು ಎಣಿಸಲಿಲ್ಲ.