ತಂಗಿಗೆ ಕೊಟ್ಟ ಗಟ್ಟಿ ರೀಡ್

ನನ್ನ ತಂಗಿ ವಿಶಾಲುವಿಗೆ ದಮ್ಮಿಲ್ಲ ಎಂಬುದು ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದವಳು ನಾನು. ಆಗ ನನಗೆ ಹದಿನಾಲ್ಕೋ ಹದಿನೈದೋ, ಅಂದು ಶುಕ್ರವಾರವೋ ಶನಿವಾರವೋ — ಇಂಥವೆಲ್ಲ ತಪ್ಪಿರಬಹುದು. ನನ್ನ ನೆನಪು ಸದಾ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ಅದನ್ನು ಪೂರ್ತಿ ನಂಬಬೇಡಿ. ಮಾಡಿದ ಕೆಲಸ ಮಾತ್ರ ಖಚಿತ.

ರಾಜಾಜಿನಗರದ ನಮ್ಮ ಶಾಲೆಯ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್‌ಗಳಿದ್ದವು. ಸೈನ್ಯದಿಂದ ನಿವೃತ್ತರಾದ ಬ್ಯಾಂಡ್ ಮೇಷ್ಟ್ರು ನಮ್ಮಿಬ್ಬರಿಗೂ ಕಲಿಸಿದರು. ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ಊದುತ್ತ, ಒತ್ತುತ್ತ, ಬೆರಳಾಡಿಸಬೇಕು. ವಿಶಾಲು ನನಗಿಂತ ಎರಡು ವರ್ಷ ಚಿಕ್ಕವಳು, ಬೆರಳು ಮಾತ್ರ ನನ್ನದಕ್ಕಿಂತ ಹಗುರ. ಸ್ವಾತಂತ್ರ್ಯ ದಿನದಂದು ಎಲ್ಲರ ಮುಂದೆ ನಿಂತು ನುಡಿಸುವವರು ಒಬ್ಬರೇ, ನಾಳೆ ಆರಿಸುತ್ತೇನೆ ಎಂದರು ಮೇಷ್ಟ್ರು.

ಈ ವಾದ್ಯದ ದನಿ ಹುಟ್ಟುವುದು ಒಳಗಿನ ಪುಟ್ಟ ರೀಡಿನಲ್ಲಿ, ಗಾಳಿಗೆ ಅದುರುವ ಜೊಂಡಿನ ಸೀಳಿನಲ್ಲಿ. ಪಳಗಿದ ರೀಡ್ ಮೆಲ್ಲನೆ ಊದಿದರೂ ನುಡಿಯುತ್ತದೆ. ಹೊಸ ಗಟ್ಟಿ ರೀಡಿಗೆ ದೊಡ್ಡವರ ಮುಖವೂ ಕೆಂಪಾಗುತ್ತದೆ. ಚಿಕ್ಕವಳೆಂದು ಅವಳ ವಾದ್ಯಕ್ಕೆ ಪಳಗಿದ್ದನ್ನು ಹಾಕಿಟ್ಟಿದ್ದರು, ನನ್ನದಕ್ಕೆ ಹೊಸದನ್ನು. ಬೆಳಿಗ್ಗೆ ವಾದ್ಯಗಳನ್ನು ಒರೆಸಿ ಅಣಿಮಾಡುವ ಕೆಲಸ ನನ್ನದು — ಮೇಷ್ಟ್ರಿಗೆ ನನ್ನ ಮೇಲೆ ನಂಬಿಕೆ. ಆರಿಸುವ ದಿನ ಎರಡು ರೀಡುಗಳನ್ನೂ ಅದಲುಬದಲು ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ವಿಶಾಲು ಊದಿದಳು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಎಮ್ಮೆಕರು ಕೂಗಿದಂಥ ಒಂದು ಸದ್ದು ಹೊರಟು ನಿಂತುಹೋಯಿತು. ಎಲ್ಲರೂ ನಕ್ಕರು. ನಾನೂ — ಹೌದು, ನಾನೂ.

"ಬಿಡು ಮಗು, ನಿನಗೆ ದಮ್ಮು ಸಾಲದು" ಎಂದರು ಮೇಷ್ಟ್ರು.

ಅವಳ ಕೈಗೆ ತಾಳ ಬಂತು. ಮುಂದೆ ನಿಂತವಳು ನಾನು. ಮರುದಿನವಾದರೂ ಹೇಳಬಹುದಿತ್ತು, ಅವಳ ಮದುವೆಗೆ ಮುಂಚೆಯಾದರೂ...

ಇದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆಮೇಲಿನ ನಲವತ್ತು ವರ್ಷ ನಾನು ಬಲು ಸಂತೋಷದಿಂದ ನುಡಿಸಿದೆ. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿದ್ದಾಗ ಮಾಲೀಕರು ಬಾಗಿಲು ತಟ್ಟಿ, "ಏನಮ್ಮಾ, ಒಳಗಡೆ ಏನ್ ಸಾಕಿದೀರಾ?" ಎಂದು ಕೇಳಿದ್ದರು. ಈಗಿನ ಬಸವೇಶ್ವರನಗರದ ಮನೆಯ ತಾರಸಿಯಲ್ಲಿ ನುಡಿಸುವಾಗ ಪಕ್ಕದ ತಾರಸಿಯಿಂದ ಒಬ್ಬರು ಬಟ್ಟೆ ಹರವುತ್ತ, "ರೀ, ನಾಳೆ ಸ್ವಲ್ಪ ಬೇಗ ಶುರು ಮಾಡ್ಬಿಡಿ, ನಮ್ಮನೇಲಿ ನೆಂಟ್ರು ಹೊರಡೋ ಥರಾನೇ ಕಾಣ್ತಿಲ್ಲ" ಎಂದರು. ನಕ್ಕು ನಕ್ಕು ಚೀಲದ ಗಾಳಿಯೆಲ್ಲ ಹೋಯಿತು.

ವಿಜಯನಗರದ ಪಾರ್ಕಿನಲ್ಲಿ ನಮ್ಮ ಸಣ್ಣ ತಂಡ ನುಡಿಸುವಾಗಲೆಲ್ಲ ವಿಶಾಲು ಕೆಂಗೇರಿಯಿಂದ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮೆಟ್ಟಿಲೆಂದರೆ ಲಿಫ್ಟ್ ಹುಡುಕುವಳು, ಮಕ್ಕಳ ಹುಟ್ಟುಹಬ್ಬಕ್ಕೂ ಬಲೂನು ಊದಿದವಳಲ್ಲ. "ನಂದು ಅರ್ಧ ದಮ್ಮು ಕಣ್ರೀ" ಎಂದು ಎಲ್ಲರ ಮುಂದೆ ತಮಾಷೆ ಮಾಡುವಳು.

ಕಳೆದ ತಿಂಗಳು ಅವಳ ಆಫೀಸಿನಲ್ಲಿ ಆರೋಗ್ಯ ತಪಾಸಣೆ ಆಯಿತು. ಕೂಡಲೇ ಫೋನು.

"ಅಕ್ಕ, ನನ್ ದಮ್ಮು ಫಸ್ಟ್ ಕ್ಲಾಸಂತೆ! ಮಿಷನ್ ಕೆಟ್ಟಿದೆಯೇನೋ ಅಂತ ಡಾಕ್ಟ್ರು ಎರಡೆರಡು ಸಲ ಊದ್ಸಿದ್ರು. ಆ ಮೇಷ್ಟ್ರಿಗೆ ಏನೂ ಗೊತ್ತಿರ್ಲಿಲ್ಲ ಕಣೇ!"

ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ನನ್ನ ತಪ್ಪು ಅವರ ಹೆಸರಿಗೆ ಹೋಗುವುದನ್ನು ಕೇಳಿಯೂ ಸುಮ್ಮನಿರಲು — ಆಗಲಿಲ್ಲ. ಭಾನುವಾರ ವಾದ್ಯ ಹೊತ್ತುಕೊಂಡು ಕೆಂಗೇರಿಗೆ ಹೋದೆ. ಎಲ್ಲವನ್ನೂ ಹೇಳಿದೆ. ರೀಡ್ ಬದಲಿಸಿದ್ದನ್ನು, ನಕ್ಕಿದ್ದನ್ನು.

ವಿಶಾಲು ನನ್ನನ್ನೇ ದಿಟ್ಟಿಸಿದಳು. ಆಮೇಲೆ, "ಅಯ್ಯೋ ಪಾಪಿ! ಅಷ್ಟೂ ಬಲೂನು ಇವ್ರ್ ಕೈಲಿ ಊದ್ಸಿದೀನಲ್ಲೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನಿಂದ ಅವಳ ಗಂಡ, "ಹಾಗಾದ್ರೆ ನನ್ ದಮ್ಮು ವಾಪಸ್ ಕೊಡ್ಸಿ ಅತ್ತಿಗೆ" ಎಂದರು.

"ಕೊಡಿಲ್ಲಿ" ಎಂದು ವಾದ್ಯವನ್ನು ಕಿತ್ತುಕೊಂಡಳು. ಮೊದಲು ಬರೀ ಗಾಳಿ. ಆಮೇಲೆ ದನಿ ಹೊರಟಿತು, ಉದ್ದಕ್ಕೆ, ನಡುಗದೆ. ಅವಳ ಬೆರಳುಗಳು ಶಾಲೆಯ ಆ ಹಳೆಯ ಧಾಟಿಯನ್ನು ತಡಕಾಡುತ್ತ ಹೋದವು. ನಾನು ಇಂದಿಗೂ ಎಡವುವ ತಿರುವೊಂದಿದೆ — ಅದನ್ನು ಸುಲಭವಾಗಿ ದಾಟಿದಳು.

ಅವಳು ನಕ್ಕಿದ್ದನ್ನು ಕ್ಷಮೆ ಎಂದು ಬರೆದುಕೊಳ್ಳುವ ಹಕ್ಕು ನನಗಿಲ್ಲ. ಅದಕ್ಕೇ ಕೇಳಿದೆ:

"ವಿಶಾಲು, ಪಾರ್ಕಿಗೆ ಅಷ್ಟು ವರ್ಷ ಬಂದ್ಯಲ್ಲ — ನಾನ್ ನುಡ್ಸೋದನ್ನ ಕೇಳೋಕೆ ಬರ್ತಿದ್ಯಾ, ಇಲ್ಲ ನಿಂಗೆ ನುಡ್ಸೋಕಾಗ್ದೇ ಇದ್ದಿದ್ದನ್ನ ಕೇಳೋಕಾ?"

ಅವಳು ಚೀಲಕ್ಕೆ ಮತ್ತೆ ಗಾಳಿ ತುಂಬಿ, ನಾನು ಎಡವುವ ಆ ತಿರುವನ್ನೇ ಇನ್ನೊಮ್ಮೆ ನುಡಿಸಿದಳು.